‘ಅನ್‌ಮ್ಯಾನೇಜ್ಡ್’ ಅಂದರೆ ‘ನಿರ್ವಹಿಸಲಾಗುವುದಿಲ್ಲ’ ಅನ್ನಬಹುದಾ? ಪಾರುಪತ್ಯ ಹೇಗೆ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಕೈಕೊಟ್ಟಾಗ ಏನು ನೋಡಬೇಕು ಅಂತ ಎರಡು ಪುಟದ ಹಾಳೆಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪರದೆ ಮೇಲೆ ಬರುವ ಇಂಗ್ಲಿಷ್ ಸಂದೇಶ ಒಂದು ಕಡೆ, ಅದರ ಅರ್ಥ ಪಕ್ಕದಲ್ಲಿ. ಸುಲಭದ ಕೆಲಸ ಅಂದುಕೊಂಡಿದ್ದೆ. ಮೂರೇ ಮೂರು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲ ಪ್ರತಿಯನ್ನು ಉಡುಪಿಯಲ್ಲಿರುವ ದೊಡ್ಡಪ್ಪನಿಗೆ ಕೊಟ್ಟಿದ್ದೆ. ಅವರದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿದ ಹಳೇ ಲ್ಯಾಪ್‌ಟಾಪ್. ಮರುದಿನ ಸಂಜೆ, ಜೋರು ಮಳೆ ಹೊಯ್ಯುತ್ತಿರುವಾಗ ಅವರ ಫೋನ್ ಬಂತು.

‘ಎಂತ ಮಾರಾಯ್ತಿ, ಇದು ಇನ್ನು ಆಗುದಿಲ್ವಂತಲ್ಲ! ಹೊಸತೇ ತೆಗೊಳ್ಬೇಕಾ?’

‘ಯಾರು ಹೇಳಿದ್ದು ದೊಡ್ಡಪ್ಪ?’

‘ನೀನೇ ಬರ್ದಿದ್ದಿಯಲ್ಲ!’

ಹೌದು, ನಾನೇ ಬರೆದಿದ್ದೆ. ವೈಫೈಯನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ‘ಡಿವೈಸ್ ನಾಟ್ ಮ್ಯಾನೇಜ್ಡ್’ ಅನ್ನುತ್ತಿತ್ತು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ‘ಎನ್‌ಎಂಸಿಎಲ್‌ಐ ಡಿವೈಸ್’ ಅಂತ ಕೊಟ್ಟರೆ ವೈಫೈ ಸಾಲಿನ ಮುಂದೆ ‘ಅನ್‌ಮ್ಯಾನೇಜ್ಡ್’. ಅದಕ್ಕೆ ನಾನು ಕೊಟ್ಟ ಅರ್ಥ: ‘ಈ ಸಾಧನವನ್ನು ನಿರ್ವಹಿಸಲಾಗುವುದಿಲ್ಲ.’ ದೊಡ್ಡಪ್ಪ ಓದಿಕೊಂಡದ್ದು: ಇದು ಯಾರ ಕೈಯಿಂದಲೂ ಆಗದು, ಕೆಟ್ಟುಹೋಗಿದೆ.

ತಪ್ಪು ಅವರದ್ದಲ್ಲ. ‘ಮಾಡಲಾಗಿದೆ’ ಅಂದರೆ ಯಾರೋ ಮಾಡಿದ್ದಾರೆ, ಅಷ್ಟೇ. ಅದನ್ನೇ ತಿರುಗಿಸಿ ‘ಮಾಡಲಾಗಿಲ್ಲ’ ಅನ್ನಿ. ಮಾಡಿಲ್ಲ ಅಂತಲೂ ಆಗುತ್ತದೆ, ಮಾಡಲು ಆಗಲಿಲ್ಲ ಅಂತಲೂ ಆಗುತ್ತದೆ. ‘ಮಾಡಲಾಗದು’ ಅಂದರಂತೂ ಮುಗಿಯಿತು, ಕೈಲಾಗದ ಮಾತು. ‘ಇಲ್ಲ’ ಸೇರಿದ ಕೂಡಲೇ ಈ ‘ಆಗು’ ಬೇರೆಯೇ ವೇಷ ಹಾಕುತ್ತದೆ. ನಮ್ಮ ಕಡೆ ದಿನಕ್ಕೆ ಹತ್ತು ಸಲ ‘ಆಗುದಿಲ್ಲ’ ಅನ್ನುವವರಿಗೆ ಅದು ಇನ್ನೂ ಬೇಗ ಕಿವಿಗೆ ಬೀಳುತ್ತದೆ.

ನಿಜಕ್ಕೂ ಆಗಿದ್ದು ಇಷ್ಟು. ಹಿಂದೆ ಯಾರೋ ಆ ಲ್ಯಾಪ್‌ಟಾಪಿನಲ್ಲಿ ವೈಫೈಯ ಹೆಸರು, ಪಾಸ್‌ವರ್ಡ್ ಎರಡನ್ನೂ ‘ಇಂಟರ್‌ಫೇಸಸ್’ ಅನ್ನುವ ಹಳೇ ಕಡತದಲ್ಲಿ ಕೈಯಾರೆ ಬರೆದಿಟ್ಟಿದ್ದರು. ಡೆಬಿಯನ್‌ನಲ್ಲಿ ಒಂದು ಸಾಧನದ ಹೆಸರು ಆ ಕಡತದಲ್ಲಿ ಕಂಡರೆ, ಅದು ಬೇರೆಯವರ ಸುಪರ್ದಿಯಲ್ಲಿದೆ ಅಂತ ನೆಟ್‌ವರ್ಕ್‌ಮ್ಯಾನೇಜರ್ ಸುಮ್ನೆ ದೂರ ನಿಲ್ಲುತ್ತದೆ. ಕೈಲಾಗದೆ ಅಲ್ಲ, ತನ್ನದಲ್ಲ ಅಂತ. ಆ ನಾಲ್ಕು ಸಾಲು ತೆಗೆಸಿದೆ. ‘ಲೋ’ (ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳುವ ದಾರಿ) ಇರುವ ಸಾಲುಗಳನ್ನು ಮಾತ್ರ ಮುಟ್ಟಬೇಡಿ ಅಂದೆ. ನೆಟ್‌ವರ್ಕ್‌ಮ್ಯಾನೇಜರನ್ನು ಮತ್ತೆ ಶುರು ಮಾಡಿಸಿದೆ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ‘ನಿರ್ವಹಿಸದ’ ಅಂದರೆ ‘ಆಗು’ವಿನ ಗೊಂದಲ ಹೋಗುತ್ತದೆ. ಆದರೆ ‘ನಿರ್ವಹಣೆ’ಯೇ ಎರಡು ಹೊರೆ ಹೊತ್ತ ಪದ. ಪೇಪರಿನಲ್ಲಿ ‘ನಿರ್ವಹಣೆ ಕಾಮಗಾರಿ ಇರುವುದರಿಂದ ನಾಳೆ ಕರೆಂಟ್ ಇರುವುದಿಲ್ಲ’ ಅಂತ ಬರುತ್ತದಲ್ಲ, ಅಲ್ಲಿ ಅದು ರಿಪೇರಿ, ದುರಸ್ತಿ. ‘ನಿರ್ವಹಣೆ ಇಲ್ಲದ ಸಾಧನ’ ಅಂದರೆ ಎಣ್ಣೆ ಕಾಣದ ಪಂಪ್‌ಸೆಟ್ಟಿನ ನೆನಪಾಗುತ್ತದೆ.

ನನಗೆ ಹೊಳೆದದ್ದು ‘ಪಾರುಪತ್ಯ’. ಉಡುಪಿಯಲ್ಲಿ ಈ ಪದ ಇನ್ನೂ ಚಾಲ್ತಿಯಲ್ಲಿದೆ. ಮಠದ ದಿನನಿತ್ಯದ ವ್ಯವಹಾರ ನೋಡಿಕೊಳ್ಳುವವರು ಪಾರುಪತ್ಯಗಾರರು. ಕೃಷ್ಣಮಠದ ಪರ್ಯಾಯವನ್ನೇ ನೋಡಿ. 8 ಮಠಗಳಿಗೆ ಸರದಿಯ ಮೇಲೆ 2 ವರ್ಷಕ್ಕೊಮ್ಮೆ ಪೂಜೆ, ಆಡಳಿತ ಎರಡೂ ಕೈ ಬದಲಾಗುತ್ತವೆ. ಸರದಿ ಇಲ್ಲದ ಮಠಕ್ಕೆ ಶಕ್ತಿ ಇಲ್ಲ ಅಂತ ಯಾರೂ ಅರ್ಥ ಮಾಡುವುದಿಲ್ಲ. ಈಗ ಪಾರುಪತ್ಯ ಅವರದ್ದಲ್ಲ, ಅಷ್ಟೇ. ‘ಈ ಸಾಧನ ನೆಟ್‌ವರ್ಕ್‌ಮ್ಯಾನೇಜರಿನ ಪಾರುಪತ್ಯದಲ್ಲಿಲ್ಲ’ ಅಂತ ಓದಿ ಹೇಳಿದಾಗ ದೊಡ್ಡಪ್ಪ ಕೂಡಲೇ ಕೇಳಿದ್ದು, ‘ಹಾಗಾದ್ರೆ ಯಾರದ್ದರಲ್ಲಿ ಉಂಟು?’ ನೋಡಿ, ಕೇಳಬೇಕಾದ ಪ್ರಶ್ನೆ ಅದೇ!

ಎರಡು ಅಳುಕು. ನಮ್ಮ ಅಜ್ಜಿ ‘ನಿನ್ನ ಪಾರುಪತ್ಯ ಇಲ್ಲಿ ಬೇಡ’ ಅಂತ ಗದರುತ್ತಿದ್ದರು. ಅಲ್ಲಿ ಅದು ಅಧಿಕಪ್ರಸಂಗದ ಯಜಮಾನಿಕೆ. ಆ ಕೊಂಕು ಬೇರೆ ಕಡೆಯೂ ಇದೆಯಾ? ಇನ್ನೊಂದು, ಧಾರವಾಡ, ಕಲಬುರಗಿ ಕಡೆಯವರಿಗೆ ಇದು ದೇವಸ್ಥಾನದ ಪದವಾಗಿ ಮಾತ್ರ ಕೇಳಿಸುತ್ತದಾ? ಹಾಗಿದ್ದರೆ ‘ಉಸ್ತುವಾರಿ’ ಅನ್ನಬಹುದು. ಅದೂ ಒಳ್ಳೆಯ ಪದವೇ, ಆದರೆ ಜಿಲ್ಲಾ ಉಸ್ತುವಾರಿ ಸಚಿವರಿಂದಾಗಿ ಸ್ವಲ್ಪ ಸರಕಾರಿ ವಾಸನೆ ಹತ್ತಿದೆ. ‘ಪಾರುಪತ್ಯ’, ‘ಪಾರುಪತ್ತೆ’ ಎರಡೂ ರೂಪ ನೋಡಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ?

ಎರಡನೇ ಪದ ‘ಡಿಸ್‌ಕನೆಕ್ಟೆಡ್’. ಎಲ್ಲರೂ ‘ಸಂಪರ್ಕ ಕಡಿತ’ ಬರೆಯುತ್ತಾರೆ. ಬಿಲ್ ಕಟ್ಟದಿದ್ದರೆ ಮಾಡುವುದು ಸಂಪರ್ಕ ಕಡಿತ, ಅಲ್ವಾ? ಯಾರೋ ಬಂದು ಕತ್ತರಿಸಿದ ಹಾಗೆ. ಇಲ್ಲಿ ಆ ಮಾತಿಗೆ ಇರುವ ಅರ್ಥ ಬೇರೆ: ಸಾಧನ ಸರಿಯಿದೆ, ಕೆಲಸಕ್ಕೆ ತಯಾರಿದೆ, ಇನ್ನೂ ಯಾವ ವೈಫೈಗೂ ಸೇರಿಲ್ಲ. ‘ಸೇರಿಲ್ಲ’ ಅಂತಲೇ ಹಾಕಿದ್ದೇನೆ. ತೀರಾ ಆಡುಮಾತಾಯಿತಾ?

ಮೂರನೆಯದು ‘ಅನ್‌ಅವೈಲಬಲ್’. ‘ಲಭ್ಯವಿಲ್ಲ’ ಅಂದರೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಖಾಲಿಯಾದ ಹಾಗೆ. ಸಾಧನ ಅಲ್ಲೇ ಇರುತ್ತದೆ, ಆದರೆ ವೈಫೈ ಆಫ್ ಆಗಿರುತ್ತದೆ, ಅಥವಾ ಅದನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್, ಫರ್ಮ್‌ವೇರ್ ಕೂಡಿಬಂದಿರುವುದಿಲ್ಲ. ಆಫ್ ಆಗಿದೆಯಾ ಅಂತ ‘ಆರ್‌ಎಫ್‌ಕಿಲ್ ಲಿಸ್ಟ್’ ಅನ್ನುವ ಕಮಾಂಡ್ ಹೇಳುತ್ತದೆ. ಅದರಲ್ಲಿ ಸಾಫ್ಟ್ ಬ್ಲಾಕ್, ಹಾರ್ಡ್ ಬ್ಲಾಕ್ ಅಂತ ಎರಡು ಬಗೆ. ಮೆದು ತಡೆ, ಗಟ್ಟಿ ತಡೆ ಅಂತ ಬರೆದು ನಾನೇ ನಕ್ಕು ಅಳಿಸಿದೆ. ಒಂದನ್ನು ಕಮಾಂಡ್ ಕೊಟ್ಟು ತೆಗೆಯಬಹುದು. ಇನ್ನೊಂದಕ್ಕೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಬದಿಯಲ್ಲಿರುವ ಸ್ವಿಚ್ಚನ್ನೇ ಸರಿಸಬೇಕು, ಕಮಾಂಡಿಗೆ ಜಗ್ಗುವುದಿಲ್ಲ. ‘ಒಳಗಿನ ತಡೆ’, ‘ಸ್ವಿಚ್ಚಿನ ತಡೆ’ ಸಾಕು ಅನ್ನಿಸುತ್ತದೆ.

ಕೊನೆಗೊಂದು, ಇದು ಬರೀ ಕುತೂಹಲ. ನಮ್ಮ ಮಂಗಳೂರು, ಉಡುಪಿ ಕಡೆ ಸಿಗ್ನಲ್‌ಗೆ ‘ರೇಂಜ್’ ಅನ್ನುತ್ತೇವೆ. ‘ಚಾವಡಿಯಲ್ಲಿ ರೇಂಜ್ ಉಂಟು, ಒಳಗೆ ಇಲ್ಲ.’ ತುಳುವಿನಲ್ಲಿ ‘ರೇಂಜ್ ಇಜ್ಜಿ’. ಕಾಸರಗೋಡು ದಾಟಿದರೆ ಮಲಯಾಳದವರೂ ರೇಂಜ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಎಷ್ಟು ದೂರ ಮುಟ್ಟುತ್ತದೆ ಅನ್ನುವ ಮಾತು, ನಮ್ಮಲ್ಲಿ ಬಂದು ಮುಟ್ಟುವ ಸಿಗ್ನಲ್ಲೇ ರೇಂಜ್ ಆಗಿದೆ. ಹಾಳೆಯಲ್ಲಿ ‘ಮೊದಲು ರೇಂಜ್ ನೋಡಿ, ದಪ್ಪ ಕೆಂಪುಕಲ್ಲಿನ ಗೋಡೆ ಇದ್ದರೆ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಸೇರಿಸಿ’ ಅಂತ ಬರೆದಿದ್ದೇನೆ (ಇವು ವೈಫೈಯ ಎರಡು ತರಂಗಾಂತರ, 2.4 ಗೋಡೆಯನ್ನು ಚೆನ್ನಾಗಿ ದಾಟುತ್ತದೆ). ಘಟ್ಟದ ಮೇಲಿನವರಿಗೆ ಇದು ಅರ್ಥವಾಗುತ್ತದಾ, ಅಥವಾ ‘ಸಿಗ್ನಲ್’ ಅಂತ ತಿದ್ದಲಾ?

ಹಾಳೆ ಮುಂದಿನ ವಾರ ಜೆರಾಕ್ಸಿಗೆ ಹೋಗುತ್ತದೆ. ಅಷ್ಟರೊಳಗೆ ಹೇಳಿದರೆ ಉಪಕಾರ.