ಹ್ಯೂಮನ್ ಫ್ಯಾಕ್ಟರ್ಸ್: ‘ಮಾನವ ಅಂಶ’ ಸಾಕೇ, ‘ಒಗ್ಗಿಕೆ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಐಟಿಐ, ಡಿಪ್ಲೊಮಾ ಓದುವ ಮಕ್ಕಳಿಗಾಗಿ ಯಂತ್ರ ವಿನ್ಯಾಸದ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಸ ಯಂತ್ರವನ್ನೋ ಕಂಟ್ರೋಲ್ ಪ್ಯಾನೆಲನ್ನೋ ರೂಪಿಸುವಾಗ ಅದನ್ನು ನಡೆಸುವವರ ಕಣ್ಣು, ಕೈ, ನೆನಪು, ದಣಿವು ಎಲ್ಲವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವ ಶಾಸ್ತ್ರಕ್ಕೆ ಹ್ಯೂಮನ್ ಫ್ಯಾಕ್ಟರ್ಸ್ ಎಂಬ ಹೆಸರಿದೆ. ಇದಕ್ಕೆ ನೀವೆಲ್ಲ ಕನ್ನಡದಲ್ಲಿ ಏನು ಬಳಸುತ್ತೀರಿ?

ಹೆಚ್ಚಾಗಿ ಕಾಣುವುದು ‘ಮಾನವ ಅಂಶಗಳು’. ಇದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ‘ಅಂಶ’ ಎಂದರೆ ಒಂದು ವಸ್ತುವಿನಲ್ಲಿ ಬೆರೆತಿರುವ ಪಾಲು: ತೇವಾಂಶ, ಕೊಬ್ಬಿನಂಶ, ಸುಣ್ಣದ ಅಂಶ. ‘ಯಂತ್ರದಲ್ಲಿ ಮಾನವ ಅಂಶ’ ಎಂದು ಓದಿದ ಹುಡುಗನಿಗೆ ಏನೂ ಹೊಳೆಯುವುದಿಲ್ಲ. ‘ಮಾನವೀಯ ಅಂಶಗಳು’ ಎಂದು ತಿದ್ದಿದರೆ ಇನ್ನೂ ದಾರಿ ತಪ್ಪುತ್ತದೆ, ಏಕೆಂದರೆ ‘ಮಾನವೀಯ’ ಎಂದೊಡನೆ ಕರುಣೆ, ಅನುಕಂಪ ಮುಂದೆ ಬರುತ್ತವೆ. ಇಲ್ಲಿರುವುದು ಕರುಣೆಯ ಮಾತಲ್ಲ, ವಿನ್ಯಾಸಕಾರನ ಕರ್ತವ್ಯದ ಮಾತು. ಇದೇ ಶಾಸ್ತ್ರದ ಇನ್ನೊಂದು ಹೆಸರಾದ ಎರ್ಗೊನಾಮಿಕ್ಸ್‌ಗೆ ಕೆಲವೆಡೆ ‘ದಕ್ಷತಾಶಾಸ್ತ್ರ’ ಎಂದಿದೆ. ಪೋಲೆಂಡಿನ ವಿಜ್ಞಾನಿ ಯಸ್ತ್‌ಶೆಂಬೋವ್ಸ್ಕಿ 1857ರಲ್ಲಿ ಎರ್ಗೊನಾಮಿಕ್ಸ್ ಎಂಬ ಪದ ಕಟ್ಟಿದ್ದು ಗ್ರೀಕಿನ ಎರ್ಗಾನ್ (ಕೆಲಸ) ಮತ್ತು ನೊಮೊಸ್ (ನಿಯಮ) ಸೇರಿಸಿ. ದಕ್ಷತೆ ಅದರಲ್ಲಿ ಎಲ್ಲೂ ಇಲ್ಲ.

ನನ್ನ ಮುಖ್ಯ ಆತಂಕ ಬೇರೆ. ‘ಮಾನವ ಅಂಶ’ ಎಂಬುದು ಪತ್ರಿಕೆಗಳ ‘ಮಾನವ ದೋಷ’ದ ಪಕ್ಕದಲ್ಲೇ ಹೋಗಿ ಕೂರುತ್ತದೆ. ಅಪಘಾತವಾದ ಮರುದಿನ ‘ಸಿಬ್ಬಂದಿಯ ನಿರ್ಲಕ್ಷ್ಯವೇ ಕಾರಣ’ ಎಂದು ಬರೆದು ಮುಗಿಸುತ್ತಾರಲ್ಲ, ಆ ಸಾಲಿಗೆ ಇದೂ ಸೇರುತ್ತದೆ. ಈ ಶಾಸ್ತ್ರ ಹುಟ್ಟಿದ್ದೇ ಆ ತೀರ್ಪನ್ನು ಪ್ರಶ್ನಿಸಲು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರುಗಳು ಸುರಕ್ಷಿತವಾಗಿ ಇಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಆಲ್ಫೊನ್ಸ್ ಚಪಾನಿಸ್ ಪೈಲಟ್‌ಗಳನ್ನು ಬಿಟ್ಟು ಕಾಕ್‌ಪಿಟ್ಟನ್ನು ನೋಡಿದರು. ಎರಡು ಸ್ವಿಚ್ಚುಗಳೂ ಅಕ್ಕಪಕ್ಕದಲ್ಲಿದ್ದವು, ಮುಟ್ಟಿದರೆ ಒಂದೇ ಥರ. ಚಕ್ರದ ಸ್ವಿಚ್ಚಿಗೆ ಚಕ್ರದಾಕಾರದ ರಬ್ಬರ್ ತುಂಡು, ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡು. ಪರಿಹಾರ ಅಷ್ಟೇ. ಇಂದಿಗೂ ಪ್ರಯಾಣಿಕ ವಿಮಾನಗಳಲ್ಲಿ ಲ್ಯಾಂಡಿಂಗ್ ಗೇರಿನ ಹಿಡಿ ಚಕ್ರದಾಕಾರದಲ್ಲೇ ಇರಬೇಕೆಂಬ ನಿಯಮವಿದೆ.

ಪಾಠದಲ್ಲಿ ವಿಸ್ತಾರವಾಗಿ ಬರೆದಿರುವುದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಕಥೆ. 1979ರ ಮಾರ್ಚ್ 28ರ ನಸುಕಿನಲ್ಲಿ ಒತ್ತಡ ಇಳಿಸುವ ವಾಲ್ವೊಂದು ತೆರೆದುಕೊಂಡು, ಮತ್ತೆ ಮುಚ್ಚಬೇಕಾದಾಗ ಮುಚ್ಚದೆ ಸಿಕ್ಕಿಕೊಂಡಿತು. ಪ್ಯಾನೆಲಿನ ದೀಪ ಮಾತ್ರ ಆರಿತು. ದೀಪ ಆರಿದರೆ ವಾಲ್ವ್ ಮುಚ್ಚಿದೆ ಎಂದೇ ಆಪರೇಟರುಗಳು ತಿಳಿದರು, ಯಾರಾದರೂ ಹಾಗೇ ತಿಳಿಯುತ್ತಿದ್ದರು. ಆದರೆ ಆ ದೀಪಕ್ಕೆ ವಾಲ್ವಿನ ನಿಜಸ್ಥಿತಿಯೊಂದಿಗೆ ಸಂಬಂಧವೇ ಇರಲಿಲ್ಲ. ವಾಲ್ವಿಗೆ ‘ಮುಚ್ಚು’ ಎಂಬ ಸಂಕೇತ ಹೋಗಿದೆ ಎಂದಷ್ಟೇ ಅದು ಹೇಳುತ್ತಿತ್ತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ವಿಂಗಡಿಸಿ ಹೇಳುವ ವ್ಯವಸ್ಥೆ ಇರಲಿಲ್ಲ. ಎರಡು ಗಂಟೆಗೂ ಮೀರಿ ತಂಪುಕಾರಕ ನೀರು ಸೋರಿಹೋಯಿತು, ಇಂಧನದ ಗರ್ಭ ಭಾಗಶಃ ಕರಗಿತು. ತನಿಖೆ ನಡೆಸಿದ ಕೆಮೆನಿ ಆಯೋಗ, ಮೂಲ ಸಮಸ್ಯೆ ಉಪಕರಣದ್ದಲ್ಲ, ಜನರಿಗೆ ಸಂಬಂಧಿಸಿದ್ದು ಎಂದಿತು. ಜೊತೆಗೇ, ಹಾಗೆಂದರೆ ಬಿಡಿಬಿಡಿ ವ್ಯಕ್ತಿಗಳ ಕೊರತೆ ಮಾತ್ರವಲ್ಲ, ಇಡೀ ವ್ಯವಸ್ಥೆಯ ಕೊರತೆ ಎಂದು ಬಿಡಿಸಿಯೂ ಹೇಳಿತು. ಆಯೋಗಕ್ಕೇ ಇಷ್ಟು ವಿವರಣೆ ಬೇಕಾಯಿತೆಂದರೆ, ಪದದ ಆಯ್ಕೆಯಲ್ಲಿ ನಾವು ಎಷ್ಟು ಎಚ್ಚರವಿದ್ದರೂ ಕಡಿಮೆಯೇ.

ನನಗೆ ಹಿಡಿಸಿರುವುದು ‘ಒಗ್ಗು’ ಧಾತು. ಕುಡುಗೋಲು ಕೈಗೆ ಒಗ್ಗಿದೆ, ಈ ಊರಿನ ನೀರು ಮೈಗೆ ಒಗ್ಗಲಿಲ್ಲ ಎನ್ನುತ್ತೇವೆ. ಇಲ್ಲೆಲ್ಲ ವಸ್ತುವೇ ಮನುಷ್ಯನಿಗೆ ಒಗ್ಗಬೇಕು, ಒಗ್ಗದಿದ್ದರೆ ಕುಂದು ವಸ್ತುವಿನದು. ಮನುಷ್ಯನೇ ಬದಲಾಗಬೇಕಾದರೆ ‘ಒಗ್ಗಿಕೊಳ್ಳು’ ಬರುತ್ತದೆ: ನೈಟ್ ಶಿಫ್ಟಿಗೆ ಒಗ್ಗಿಕೊಂಡ. ‘ಯಂತ್ರ ಆಪರೇಟರಿಗೆ ಒಗ್ಗಬೇಕು, ಆಪರೇಟರ್ ಯಂತ್ರಕ್ಕೆ ಒಗ್ಗಿಕೊಳ್ಳಬೇಕಾಗಿ ಬರಬಾರದು’ ಎಂದರೆ ಇಡೀ ಶಾಸ್ತ್ರದ ತಿರುಳು ಒಂದೇ ಸಾಲಿನಲ್ಲಿ ಬಂತು. ಹೊಂದು-ಹೊಂದಿಕೆ ಇದ್ದಂತೆ ಒಗ್ಗು-ಒಗ್ಗಿಕೆ ಮಾಡಿ, ‘ಒಗ್ಗಿಕೆಯ ವಿನ್ಯಾಸ’ ಎನ್ನಬಹುದೇ? ನಾಮಪದವಾದ ಕೂಡಲೇ ಯಾರು ಯಾರಿಗೆ ಒಗ್ಗಬೇಕೆಂಬ ದಿಕ್ಕು ಮಸುಕಾಗುತ್ತದೆಯೇ ಎಂಬುದು ನನ್ನ ಸಂದೇಹ. ವ್ಯಾಕರಣ ಬಲ್ಲವರು ಇದನ್ನು ಪರಿಶೀಲಿಸಬೇಕು.

ಇನ್ನೊಂದು ಸಂಗತಿ. ಎಳೆ ಕಡಿದರೆ ತಾನಾಗಿ ನಿಲ್ಲುವ ಮಗ್ಗವನ್ನು ಜಪಾನಿನ ಸಂಶೋಧಕ ಟೊಯೋಡಾ ಸಕಿಚಿ ರೂಪಿಸಿದರು, ಅದರ ಜಿ ಮಾದರಿ ಬಂದದ್ದು 1924ರಲ್ಲಿ. ನೇಕಾರ ಯಂತ್ರವನ್ನು ದಿಟ್ಟಿಸುತ್ತ ನಿಲ್ಲುವುದು ತಪ್ಪಿತು. ಈ ತತ್ತ್ವಕ್ಕೆ ಟೊಯೋಟಾದವರು ‘ಜಿದೋಕಾ’ ಎನ್ನುತ್ತಾರೆ. ಜಪಾನಿಯಲ್ಲಿ ಇದರ ಉಚ್ಚಾರ ಸಾಮಾನ್ಯ ‘ಸ್ವಯಂಚಾಲನೆ’ಯದೇ, ಆದರೆ ಬರೆಯುವಾಗ ನಡುವಿನ ಅಕ್ಷರಕ್ಕೆ ‘ಮನುಷ್ಯ’ನ ಗುರುತನ್ನು ಸೇರಿಸುತ್ತಾರೆ. ನಮ್ಮ ಲಿಪಿಯಲ್ಲಿ ಅದು ಸಾಧ್ಯವಿಲ್ಲ, ಪದದಲ್ಲೇ ತರಬೇಕು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ದುಡಿದವರು ಇಲ್ಲಿದ್ದರೆ, ಶಾಪ್ ಫ್ಲೋರಿನಲ್ಲಿ ಕನ್ನಡದವರು ತಮ್ಮತಮ್ಮಲ್ಲಿ ಇದನ್ನು ಏನೆಂದು ಹೇಳಿಕೊಳ್ಳುತ್ತಾರೆ ಎಂದು ದಯವಿಟ್ಟು ತಿಳಿಸಿ. ನೇಕಾರರ, ಕಮ್ಮಾರರ, ಬಡಗಿಗಳ ಆಡುಮಾತಿನಲ್ಲಿ ‘ಒಗ್ಗು’ವಿನ ಬೇರೆ ರೂಪಗಳಿದ್ದರೆ ಅವೂ ಬೇಕು, ಮುಖ್ಯವಾಗಿ ಉತ್ತರ ಕರ್ನಾಟಕ ಮತ್ತು ಕರಾವಳಿಯ ಬಳಕೆಗಳು.