ಹನ್ನೊಂದು ವರ್ಷ ಒರಗಿ ಕೂತ ಕಂಬದಲ್ಲಿ ಒಂದು ಗಿಳಿ

ನಾಪೋಕ್ಲು ಇನ್ವರ್ಟರ್

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಸುತ್ತಮುತ್ತ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುವುದು ನನ್ನ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಹೋಗುತ್ತದೆ ಅಂತ ನಿಮಗೆ ಗೊತ್ತಲ್ಲ, ಹಾಗಾಗಿ ಕಾಫಿ ತೋಟದ ಒಳಗಿರುವ ಮನೆಗಳಿಗೆಲ್ಲ ಹೋಗಿಬರುತ್ತೇನೆ.

ಕಳೆದ ವಾರ ಒಂದು ಐನ್‌ಮನೆಗೆ (ಕೊಡವ ಕುಟುಂಬದ ಹಿರಿಯರ ಮನೆ) ಬ್ಯಾಟರಿ ನೋಡಲು ಹೋಗಿದ್ದೆ. ಹನ್ನೊಂದು ವರ್ಷದಿಂದ ಹೋಗುತ್ತಿರುವ ಮನೆ. ಕೆಲಸ ಮುಗಿದ ಮೇಲೆ ಕಯ್ಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಐಮರದ (ಕಂಬಗಳ ನಡುವಿನ ಅಗಲ ಹಲಗೆ) ಮೇಲೆ ಕೂತು, ಕಂಬಕ್ಕೆ ಬೆನ್ನು ಕೊಟ್ಟು, ಬೆಲ್ಲದ ಕಾಫಿ ಕುಡಿದು ಬಿಲ್ ಬರೆಯುತ್ತೇನೆ. ಆವತ್ತು ಒಂದು ಸ್ಕ್ರೂ ಕೈಜಾರಿ ಬಿತ್ತು. ಸಂಜೆ ಹೊತ್ತು, ಕತ್ತಲು ಬೇರೆ. ಮೊಬೈಲ್ ಟಾರ್ಚ್ ಹಚ್ಚಿ ನೆಲದ ಮೇಲಿಟ್ಟು ಹುಡುಕಿದೆ. ಬೆಳಕು ಪಕ್ಕದಿಂದ ಕಂಬದ ಬುಡಕ್ಕೆ ಬಿತ್ತು. ಅಲ್ಲಿ ಒಂದು ಗಿಳಿ.

ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಕೊಕ್ಕಿನಲ್ಲಿ ಒಂದು ಬಳ್ಳಿಯ ತುದಿ. ಟಾರ್ಚ್ ಸರಿಸುತ್ತಾ ಆ ಬಳ್ಳಿಯ ಹಿಂದೆಯೇ ಹೋದೆ. ಅದು ಕಂಬವನ್ನು ಎರಡು ಸುತ್ತು ಸುತ್ತಿ, ನಾನು ತಲೆ ಆನಿಸುವ ಜಾಗದಲ್ಲಿ ತಾವರೆ ಮೊಗ್ಗಾಗಿ ನಿಲ್ಲುತ್ತದೆ. ಗಿಳಿಯ ರೆಕ್ಕೆಯಲ್ಲಿ ಒಂದೊಂದು ಗರಿಯನ್ನೂ ಬಿಡಿಬಿಡಿಯಾಗಿ ಗೀರಿದ್ದಾರೆ. ಹಗಲಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಹೊಗೆ, ಎಣ್ಣೆ, ಒರಗಿ ಕೂತವರ ಬೆವರು ಎಲ್ಲ ಸೇರಿ ಕಂಬ ಕರ್ರಗಾಗಿದೆ.

ಮನೆಯ ಅಜ್ಜಿಯನ್ನು ಕರೆದು ತೋರಿಸಿದೆ. ಅವರು ಐಮರ ಹಿಡಿದುಕೊಂಡು ಮೆಲ್ಲಗೆ ಬಗ್ಗಿ ನೋಡಿದರು. “ಮದುವೆಯಾಗಿ ಬಂದು ಐವತ್ತೆಂಟು ವರ್ಷ ಆಯ್ತು, ನಾನು ಈ ಹಕ್ಕಿ ನೋಡಿಲ್ಲ” ಅಂದರು. ಮಲಬಾರಿನಿಂದ ಬಂದ ಆಚಾರಿಗಳು ಎರಡು ಮಳೆಗಾಲ ಇಲ್ಲೇ ಉಳಿದು ಕೆತ್ತಿದ್ದು ಅಂತ ಅವರ ಅತ್ತೆ ಹೇಳುತ್ತಿದ್ದರಂತೆ. ಆಚಾರಿಗಳ ಹೆಸರು ಕೇಳಿದೆ. ಅದು ಯಾರಿಗೂ ನೆನಪಿಲ್ಲ. ರಾತ್ರಿ ಮಲಗಿದಾಗಲೂ ನನಗೆ ಅದೇ ಯೋಚನೆ.

ಈಗ ನನ್ನ ಪ್ರಶ್ನೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಆ ಕಂಬಗಳಿಗೆಲ್ಲ ಎನಾಮೆಲ್ ಪೇಂಟ್ ಹೊಡೆಸುತ್ತಾರಂತೆ. ಡಬ್ಬ ಆಗಲೇ ತಂದಿಟ್ಟಿದ್ದಾರೆ. ಪೇಂಟ್ ಬಿದ್ದರೆ ಗಿಳಿಯ ಗತಿ ಏನು? ಬೇಡ ಅನ್ನಲು ನಾನು ಮನೆಯವನಲ್ಲ, ಏನಂತ ಹೇಳಲಿ?

ಇನ್ನೊಂದು ಮಾತು. ನನ್ನ ಮಗಳು ಏಳನೇ ಕ್ಲಾಸು, ಸದಾ ಚಿತ್ರ ಬಿಡಿಸುತ್ತಾಳೆ. ಗಿಳಿಯ ಫೋಟೋ ನೋಡಿ “ಇಂಥದ್ದು ಇನ್ನೆಲ್ಲಿದೆ ಅಪ್ಪ” ಅಂತ ಹಿಂದೆ ಬಿದ್ದಿದ್ದಾಳೆ. ಭಾನುವಾರ ಬೈಕಿನಲ್ಲಿ ಹೋಗಿ ಬರುವಂಥ ಜಾಗ ಹೇಳಿ. ಪ್ರವಾಸಿಗರೆಲ್ಲ ಹೋಗುವ ಅಬ್ಬಿ ಜಲಪಾತ, ರಾಜಾಸೀಟು ಬೇಡ. ನಾವು ದಿನಾ ಪಕ್ಕದಲ್ಲೇ ಓಡಾಡಿಯೂ ನೋಡದೇ ಇದ್ದದ್ದು ಬೇಕು.

ಉಳಿ ಸುತ್ತಿಗೆ, ವಿರಾಜಪೇಟೆ

ಮೊದಲು ಪೇಂಟ್ ನಿಲ್ಲಿಸಿ. ಮೂವತ್ತು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ, ಕೈಯಾರೆ ನೋಡಿದ್ದನ್ನು ಹೇಳುತ್ತೇನೆ. ನಮ್ಮ ಮಳೆಗೆ ಮರ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಎನಾಮೆಲ್ ಬಳಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಮೇಲೆ ಥಳಥಳ, ಒಳಗೆ ಮೆತ್ತಗೆ. ಬುಡದಿಂದ ಕೊಳೆಯಲು ಶುರುವಾಗುತ್ತದೆ, ನಿಮ್ಮ ಗಿಳಿ ಇರುವುದೂ ಬುಡದಲ್ಲೇ. ಗರಿಯ ಗೀರಿನಲ್ಲಿ ಪೇಂಟ್ ತುಂಬಿಕೊಂಡರೆ ಆಮೇಲೆ ತೆಗೆಯುವುದೂ ಕಷ್ಟ. ಉಪ್ಪುಕಾಗದ ಹಾಕಿ ಉಜ್ಜುತ್ತಾರೆ, ಅದರಲ್ಲೇ ಅರ್ಧ ಕೆತ್ತನೆ ಹೋಗಿಬಿಡುತ್ತದೆ.

ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ ಒಣ ಹತ್ತಿ ಬಟ್ಟೆ. ಸೋಪಿನ ನೀರು ಬೇಡ. ಹೊಳಪು ಬೇಕೇ ಬೇಕು ಅಂದರೆ ಅಗಸೆ ಎಣ್ಣೆ, ಬಟ್ಟೆಗೆ ಸ್ವಲ್ಪವೇ ಹಚ್ಚಿ ತೆಳ್ಳಗೆ ಒರೆಸಬೇಕು. ಕಾಣದ ಮೂಲೆಯಲ್ಲಿ ಮೊದಲು ಹಚ್ಚಿ ಒಂದು ವಾರ ಕಾದು ನೋಡಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ. ಮತ್ತೆ ಮಾಡಿನಿಂದ ನೀರು ಎಲ್ಲಿ ಸೋರುತ್ತಿದೆ ನೋಡಿ. ಅದನ್ನು ಸರಿಮಾಡಿದರೆ ಅರ್ಧ ಕೆಲಸ ಆದಂತೆ.

ಆ ಮನೆಯವರು ಒಪ್ಪಿದರೆ ನಾನೇ ಬಂದು ನೋಡುತ್ತೇನೆ. ದುಡ್ಡು ಬೇಡ. ಆ ಗರಿಗಳಿಗೆ ಯಾವ ಉಳಿ ಬಳಸಿದ್ದಾರೆ ಅಂತ ನನಗೆ ನೋಡಬೇಕು.

ಕಕ್ಕಬ್ಬೆ ಟೀಚರ್

ಮಗಳನ್ನು ನಾಲ್ಕುನಾಡು ಅರಮನೆಗೆ ಕರೆದುಕೊಂಡು ಹೋಗಿ. ನಿಮಗೆ ಹತ್ತಿರ. ತಡಿಯಂಡಮೋಳ್ ಹತ್ತುವವರು ಅದರ ಹತ್ತಿರವೇ ಗಾಡಿ ನಿಲ್ಲಿಸಿ ನೇರ ಬೆಟ್ಟಕ್ಕೆ ನಡೆಯುತ್ತಾರೆ. ನಾನೂ ಮಕ್ಕಳನ್ನು ಕಟ್ಟಿಕೊಂಡು ಎಷ್ಟೋ ಸಲ ಹಾಗೇ ಹೋಗಿದ್ದೆ. ಒಂದು ಸಲ ಜೋರು ಮಳೆ ಹಿಡಿಯಿತು. ಬೇರೆ ದಾರಿ ಇಲ್ಲದೆ ಅರಮನೆಯ ಒಳಗೆ ನಿಂತೆವು.

ಅರಮನೆ ಅಂದರೆ ಮೈಸೂರಿನ ಹಾಗಲ್ಲ. ದೊಡ್ಡದೊಂದು ಐನ್‌ಮನೆಯ ಹಾಗಿದೆ. ಎರಡು ಅಂತಸ್ತು, ಮರದ ಕಂಬಗಳು, ಒಳಗೆಲ್ಲ ಮಬ್ಬು. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಲು ಶುರುಮಾಡಿದ್ದು. 1834ರಲ್ಲಿ ಬ್ರಿಟಿಷರ ಸೇನೆ ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ. ಇದನ್ನೆಲ್ಲ ನಾನು ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಆದರೆ ಗೋಡೆಯ ಮೇಲೆ ಚಿತ್ರಗಳಿವೆ ಅನ್ನುವುದು ನನಗೆ ಆ ಮಳೆ ಬರುವವರೆಗೆ ಸರಿಯಾಗಿ ಮನಸ್ಸಿಗೆ ಹೋಗಿರಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಒಂದೊಂದಾಗಿ ಹೊರಗೆ ಬಂದವು. ಮೆರವಣಿಗೆ, ಆನೆ, ಕುದುರೆ, ಸೈನಿಕರು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ “ಮಿಸ್, ಈ ಕುದುರೆ ನಮ್ಮನ್ನೇ ನೋಡ್ತಾ ಇದೆ” ಅಂದ. ಮಳೆ ನಿಂತರೂ ಮಕ್ಕಳು ಬೆಟ್ಟ ಕೇಳಲಿಲ್ಲ.

ಬಣ್ಣ ತುಂಬಾ ಮಾಸಿದೆ. ಕೆಲವು ಕಡೆ ಜನ ಮೊಳೆಯಿಂದ ಹೆಸರು ಗೀಚಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗೋಡೆ ಮುಟ್ಟಬೇಡ ಅಂತ ಮಗಳಿಗೆ ಮೊದಲೇ ಹೇಳಿ. ಫ್ಲಾಶ್ ಬೇಡ. ಸುಮ್ನೆ ಹತ್ತು ನಿಮಿಷ ನಿಂತುಕೊಳ್ಳಿ, ಕಾಣುತ್ತದೆ. ಎದುರಿಗೆ ಪುಟ್ಟ ಮಂಟಪವೂ ಇದೆ, ಬಿಡಬೇಡಿ.

ಮಡಿಕೇರಿ ಗದ್ದಿಗೆಗೂ (ಕೊಡಗಿನ ರಾಜರ ಸಮಾಧಿಗಳು) ಒಮ್ಮೆ ಹೋಗಿ. ಎಲ್ಲರೂ ದೂರದಿಂದ ಗುಮ್ಮಟದ ಫೋಟೋ ತೆಗೆದು ಹೊರಡುತ್ತಾರೆ. ನೀವು ಕಿಟಕಿಗಳ ಹತ್ತಿರ ಹೋಗಿ, ಹಿತ್ತಾಳೆಯ ಸರಳು, ಕಲ್ಲಿನ ಚೌಕಟ್ಟಿನ ಕೆತ್ತನೆ ನೋಡಿ.

ದೇವಕಾಡು ಪಕ್ಕದ ಮನೆ

ನಮ್ಮೂರಿನ ದೇವಕಾಡಿನಲ್ಲಿ, ಅಂದರೆ ದೇವರಿಗೆಂದು ಬಿಟ್ಟ ಕಾಡಿನಲ್ಲಿ, ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸುತ್ತಾರೆ. ನಮ್ಮಲ್ಲಿ ಅಯ್ಯಪ್ಪ ಬೇಟೆಯ ದೇವರು, ಅದಕ್ಕೇ ನಾಯಿ. ಚಿಕ್ಕಂದಿನಿಂದ ನೋಡಿದ್ದೇನೆ, ಹರಕೆ ಅಂತ ಕೈಮುಗಿದಿದ್ದೇನೆ, ಅಷ್ಟೇ. ಹೋದ ವರ್ಷ ನೆಂಟರ ಮಗು ಬಂದು ಒಂದೊಂದರ ಮುಖ ನೋಡುತ್ತಾ ಕೂತಿತು. ಆಗಲೇ ನನಗೂ ಗೊತ್ತಾಗಿದ್ದು, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಕಿವಿ ನಿಮಿರಿಸಿದೆ, ಒಂದು ಬಾಯಿ ತೆರೆದಿದೆ. ಹಳೆಯವು ಮಳೆಗೆ ಕರಗಿ ಕಾಲಿಲ್ಲದೆ, ಪಾಚಿ ಕಟ್ಟಿಕೊಂಡು ಮಲಗಿವೆ. ಅವೂ ಚೆಂದ.

ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕ ದೇವಕಾಡುಗಳೇ 1,214 ಇವೆ. ನಿಮ್ಮ ಪಕ್ಕದಲ್ಲೂ ಒಂದು ಇದ್ದೇ ಇರುತ್ತದೆ. ಊರಿನವರನ್ನು ಕೇಳಿಯೇ ಒಳಗೆ ಹೋಗಿ, ಚಪ್ಪಲಿ ಹೊರಗೆ ಬಿಡಿ. ಒಂದು ಚೂರನ್ನೂ ಮನೆಗೆ ತರಬೇಡಿ.

ಶನಿವಾರಸಂತೆ

ನಮ್ಮ ಕಡೆ ಯಾರೂ ಬರುವುದಿಲ್ಲ ಅನ್ನುವುದು ನನ್ನ ಬೇಜಾರು. ಮುಳ್ಳೂರಿನಲ್ಲಿ ಕೊಂಗಾಳ್ವ ಅರಸರ ಕಾಲದ ಮೂರು ಬಸದಿಗಳಿವೆ, ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ. 11ನೇ ಶತಮಾನದವು. ಅಲ್ಲಿನ ಶಾಸನದಲ್ಲಿ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯ ಹೆಸರಿದೆ. ನಿಮ್ಮ ಮಗಳಿಗೆ ಕಲ್ಲಿನ ಮೇಲಿನ ಹಳಗನ್ನಡ ಅಕ್ಷರಗಳನ್ನು ತೋರಿಸಿ, ಅವೂ ಚಿತ್ರದ ಹಾಗೇ ಇವೆ. ನಿಮಗೆ ದೂರ ಆಗುತ್ತದೆ, ಬೆಳಿಗ್ಗೆ ಬೇಗ ಹೊರಡಿ.

ನಾಪೋಕ್ಲು ಇನ್ವರ್ಟರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮತ್ತೆ ಆ ಮನೆಗೆ ಹೋಗಿದ್ದೆ. ಉಳಿ ಸುತ್ತಿಗೆಯವರು ಬರೆದದ್ದನ್ನು ಅಜ್ಜಿಗೆ, ಅವರ ಮಗನಿಗೆ ಓದಿ ಹೇಳಿದೆ. ಮಗನಿಗೆ ಪೂರ್ತಿ ಒಪ್ಪಿಗೆ ಇಲ್ಲ, ಹಬ್ಬಕ್ಕೆ ನೆಂಟರೆಲ್ಲ ಬರುತ್ತಾರೆ, ಮನೆ ಕಪ್ಪಗೆ ಕಾಣಬಾರದು ಅಂದರು. ಅವರ ಮಾತೂ ನನಗೆ ಅರ್ಥವಾಗುತ್ತದೆ. ಕೊನೆಗೆ ಕಿಟಕಿಗೆ ಪೇಂಟ್, ಕಂಬಕ್ಕೆ ಬೇಡ ಅಂತ ಅಜ್ಜಿಯೇ ತೀರ್ಮಾನ ಮಾಡಿದರು. ಉಳಿ ಸುತ್ತಿಗೆಯವರೇ, ಶನಿವಾರ ಬರುತ್ತೀರಾ? ಕಾಫಿಗೆ ಹೇಳಿದ್ದಾರೆ.

ಬರುವಾಗ ಉಳಿದ ಕಂಬಗಳ ಬುಡಕ್ಕೂ ಟಾರ್ಚ್ ಹಾಕಿದೆ. ಎರಡನೆಯದರಲ್ಲಿ ಬಳ್ಳಿ ಇದೆ, ಹಕ್ಕಿ ಇಲ್ಲ. ಮೂರನೆಯದರಲ್ಲಿ ಹಕ್ಕಿಯ ಗೆರೆ ಮಾತ್ರ ಇದೆ, ಗರಿ ಕೆತ್ತಿಲ್ಲ, ಕಣ್ಣೂ ಇಲ್ಲ. ಆ ಆಚಾರಿ ಅಷ್ಟಕ್ಕೇ ಯಾಕೆ ಬಿಟ್ಟು ಹೋದನೋ. ಮಗಳಿಗೆ ಅದರ ಫೋಟೋ ತೋರಿಸಿದೆ. ಈಗ ನೋಟ್‌ಬುಕ್ಕಿನಲ್ಲಿ ಅದಕ್ಕೆ ಗರಿ ಬರೆಯುತ್ತಾ ಕೂತಿದ್ದಾಳೆ.