ಗಂಡು ಹಂದಿಮರಿಗಳ ವೃಷಣ ಬೆಳವಣಿಗೆಗೆ ಅಮೈನೋ ಆಮ್ಲದ ಟಾನಿಕ್ ಬೇಕೇ?

ಪ್ರಶ್ನೆ (ಸಾಕಾಣಿಕೆದಾರ, ತುಮಕೂರು ಕಡೆ):
ನಮಸ್ಕಾರ. ತಳಿಗೆಂದು ಉಳಿಸಿಕೊಂಡಿರುವ ನನ್ನ ಎರಡು ಯಾರ್ಕ್‌ಶೈರ್ ಗಂಡುಗಳಿಗೆ ಈಗ ನಾಲ್ಕು ತಿಂಗಳು. ತೂಕ 45 ಕೆಜಿಯ ಆಸುಪಾಸಿನಲ್ಲೇ ನಿಂತಿದೆ. ವೃಷಣಗಳೂ ವಯಸ್ಸಿಗೆ ತಕ್ಕಷ್ಟು ತುಂಬಿದಂತೆ ಕಾಣುವುದಿಲ್ಲ. ನೂರು ಕಿಲೋ ಫೀಡಿಗೆ ಮೆಕ್ಕೆಜೋಳ 60, ಕಡಲೆಕಾಯಿ ಹಿಂಡಿ 20, ಗೋಧಿ ಬೂಸಾ 17 ಕಿಲೋ ಹಾಕುತ್ತೇನೆ, ಉಳಿದದ್ದು ಉಪ್ಪು ಮತ್ತು ಖನಿಜ ಮಿಶ್ರಣ. ಅಂಗಡಿಯವರು ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು (ಪ್ರೋಟೀನಿನ ಘಟಕಗಳು) ಇರುವ ಟಾನಿಕ್ ಕೊಟ್ಟು, ದಿನಕ್ಕೆ 10 ಮಿ.ಲೀ. ಕುಡಿಸಿದರೆ ಆರು ತಿಂಗಳಿಗೇ ಹೆಣ್ಣಿಗೆ ಬಿಡಬಹುದು ಎಂದರು. 10 ಮಿ.ಲೀ.ಗೆ ಲೈಸಿನ್ 100 ಮಿ.ಗ್ರಾಂ ಎಂದು ಲೇಬಲ್ಲಿನಲ್ಲಿದೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ 1 (ಪಶುವೈದ್ಯ):
ಕೊರತೆ ಇರುವುದು ನಿಜ, ಆದರೆ ಅದನ್ನು ತುಂಬುವುದು ಆ ಬಾಟಲಿಯಲ್ಲ. ನಿಮ್ಮ ಮಿಶ್ರಣದಲ್ಲಿ ಪ್ರೋಟೀನ್ ಶೇಕಡಾ 16ರಷ್ಟಿದ್ದರೂ ಲೈಸಿನ್ ಸುಮಾರು 0.55 ಮಾತ್ರ, ಈ ವಯಸ್ಸಿಗೆ 0.9ರ ಹತ್ತಿರ ಬೇಕು. ದಿನಕ್ಕೆ ಎರಡು ಕಿಲೋ ತಿನ್ನುವ ಹಂದಿಗೆ ಆರೇಳು ಗ್ರಾಂ ಕಡಿಮೆ ಬೀಳುತ್ತಿರುವಾಗ ಟಾನಿಕ್ ಕೊಡುವುದು ಗ್ರಾಮಿನ ಹತ್ತನೇ ಒಂದು ಭಾಗ. ಇನ್ನು ಆರ್ಜಿನಿನ್ ಕಡಲೆಕಾಯಿ ಹಿಂಡಿಯಲ್ಲೇ ಧಾರಾಳವಾಗಿದೆ: ನೂರು ಗ್ರಾಂ ಹಿಂಡಿಯಲ್ಲಿ ನಾಲ್ಕು ಗ್ರಾಂಗಿಂತ ಹೆಚ್ಚು. ಇರುವುದನ್ನೇ ದುಡ್ಡು ಕೊಟ್ಟು ಮತ್ತೆ ಕೊಳ್ಳುವುದೇಕೆ?

ಹಿಂಡಿಯಲ್ಲಿ ಅರ್ಧವನ್ನು ಸೋಯಾ ಹಿಂಡಿಗೆ ಬದಲಿಸಿ, ಕ್ವಿಂಟಲಿಗೆ 250 ಗ್ರಾಂ ಲೈಸಿನ್ ಪುಡಿಯನ್ನು ಮೊದಲು ಬೂಸಾದಲ್ಲಿ ಕಲಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಿ. ತಡಮಾಡಬೇಡಿ. ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳು ಹುಟ್ಟಿದ ಮೊದಲ ತಿಂಗಳಲ್ಲಿ ಒಮ್ಮೆ, ಮೂರು-ನಾಲ್ಕನೇ ತಿಂಗಳಲ್ಲಿ ಇನ್ನೊಮ್ಮೆ ಹೆಚ್ಚುತ್ತವೆ. ಪ್ರಾಯಕ್ಕೆ ಬಂದ ಮೇಲೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲವಾದ್ದರಿಂದ, ಆಮೇಲೆ ಎಷ್ಟು ತಿನ್ನಿಸಿದರೂ ವೃಷಣದ ಸಾಮರ್ಥ್ಯ ಆ ಮಿತಿಯನ್ನು ದಾಟದು. ಆದರೆ ಅಗತ್ಯ ಪೂರೈಸಿದ ಮೇಲೆ ಇನ್ನಷ್ಟು ಸುರಿದರೆ ವೃಷಣ ಇನ್ನಷ್ಟು ಬೆಳೆಯುತ್ತದೆಂದು ಭಾವಿಸಬೇಡಿ. ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ. ಹೆಣ್ಣಿಗೆ ಬಿಡಲು ಏಳೆಂಟು ತಿಂಗಳಾಗಲಿ.

ಉತ್ತರ 2 (ಸಾಕಾಣಿಕೆದಾರ, ಕೊಡಗು):
ನನ್ನದೊಂದು ತಪ್ಪನ್ನು ಇಲ್ಲಿ ಹೇಳುತ್ತೇನೆ. ದೊಡ್ಡ ಗಂಡಿನ ಆಹಾರ ಸರಿಪಡಿಸಿ ಮೂರನೇ ವಾರಕ್ಕೆ ವೀರ್ಯ ಪರೀಕ್ಷೆ ಮಾಡಿಸಿದೆ. ವ್ಯತ್ಯಾಸ ಕಾಣದೆ ಲೈಸಿನ್ ನಿಲ್ಲಿಸಿಬಿಟ್ಟೆ. ಒಂದು ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು ಐದು ವಾರಕ್ಕೂ ಹೆಚ್ಚು ಕಾಲ, ಅಲ್ಲಿಂದ ನಾಳದಲ್ಲಿ ಪಕ್ವವಾಗಲು ಇನ್ನೂ ಹತ್ತು ದಿನ ಬೇಕೆಂದು ಆಮೇಲೆ ತಿಳಿಯಿತು. ಏಳು ವಾರ ಕಾಯಿರಿ. ಹಿಂಡಿ ಬೂಸಲು ಹಿಡಿದಿದ್ದರೆ ಮಾತ್ರ, ಅಗ್ಗವೆಂದು ಹಾಕಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಮುಟ್ಟಿ ನೋಡಿದಾಗ ಎರಡನೆಯ ಗಂಡಿನ ಎಡವೃಷಣ ಚೀಲದಲ್ಲಿ ಸಿಗಲೇ ಇಲ್ಲ. ಲೈಸಿನ್ ಕೊಟ್ಟರೆ ಇಳಿಯಬಹುದೇ?

ಉತ್ತರ 1 ಬರೆದವರು:
ಇಳಿಯುವುದಿಲ್ಲ. ಒಮ್ಮೆ ವೈದ್ಯರಿಂದ ಖಚಿತಪಡಿಸಿಕೊಳ್ಳಿ; ಅದು ಹೊಟ್ಟೆಯೊಳಗೇ ಉಳಿದಿದ್ದರೆ ಆಹಾರದಿಂದ ಸರಿಹೋಗುವ ದೋಷವಲ್ಲ, ವಂಶದಲ್ಲಿ ಮರಿಗಳಿಗೂ ದಾಟಬಲ್ಲದು. ಆ ಗಂಡನ್ನು ತಳಿಯಿಂದ ತೆಗೆದುಬಿಡಿ. ಅದರ ಒಡಹುಟ್ಟುಗಳನ್ನೂ ತಳಿಗೆ ಇಡದಿರುವುದು ಲೇಸು.